ಬಾಗಿಲಿಗೆ ಒಂದು ಗೇಣು

ಜನವರಿ 9, ಗುರುವಾರ. ಬೆಳಿಗ್ಗೆ 6.50

ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ. ಅಮ್ಮ ದೋಸೆ ಹುಯ್ಯುತ್ತಿದ್ದಾಳೆ. ನಾನು ಮೆಟ್ಟಿಲ ಮೇಲೆ. ನಿನ್ನೆ ಕೋಳಿಗೂಡಿನ ಕ್ಲಚ್ ಪ್ಲೇಟ್ ಬದಲಾಯಿಸಿದ್ದು — ಉಗುರಿನ ಸಂದಿಯ ಗ್ರೀಸ್ ಇನ್ನೂ ಹೋಗಿಲ್ಲ. ಈ ಕೈಯಲ್ಲಿ ದೋಸೆ ತಿಂದರೆ ಅಮ್ಮ ಬಯ್ಯುತ್ತಾಳೆ. ತಿನ್ನುತ್ತೇನೆ.

ಕೋಳಿಗೂಡು ಅಂದರೆ ನನ್ನ ಹಳೆಯ ಕಾಂಟೆಸ್ಸಾ ಕಾರು. ಅನ್ನೂರಿನಲ್ಲಿ ನಾನು ಕೆಲಸ ಮಾಡುವ ರಾಮಲಿಂಗಂ ಮಾವನ ಗ್ಯಾರೇಜಿನ ಹಿಂದೆ ಹನ್ನೊಂದು ವರ್ಷ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ಮರಿಗಳು ಎದ್ದುಹೋದ ಮೇಲೆ ಮಾವ ಕೀಯನ್ನು ನನ್ನ ಕೈಯಲ್ಲಿಟ್ಟು, "ತಗೋ ಸರಣ್ಯಾ, ಈಗ ನಿನ್ ಟರ್ನು" ಅಂದರು. ಈಗ ಎಂಜಿನ್ ಬೇರೆ, ಟರ್ಬೊ ಬೇರೆ, ಹ್ಯಾಂಡ್‌ಬ್ರೇಕ್ ಬೇರೆ. ಹಳೆಯದೆಂದು ಉಳಿದಿರುವುದು ತಗಡು ಮತ್ತು ಕೋಳಿಯ ವಾಸನೆ. ಮೊದಲ ಸಲ ಡ್ರಿಫ್ಟ್‌ಗೆ, ಅಂದರೆ ಕಾರನ್ನು ಅಡ್ಡಡ್ಡ ಜಾರಿಸುವ ಪಂದ್ಯಕ್ಕೆ, ತೆಗೆದುಕೊಂಡು ಹೋಗುವಾಗ ಕುಪ್ಪಮ್ಮತ್ತೆ ಬಂಪರಿಗೆ ಮೆಣಸಿನಕಾಯಿ ನಿಂಬೆಹಣ್ಣು ಕಟ್ಟಿದ್ದಳು. ಅಪ್ಪ ನಕ್ಕು, "ಇದ್ರ ಮೇಲೆ ಯಾರ ಕಣ್ಣು ಬೀಳತ್ತೆ ಕುಪ್ಪಾ, ನಿಂಬೆಹಣ್ಣು ವೇಸ್ಟು" ಅಂದಿದ್ದ.

ಒಳಗೆ ಮಗ್ಗ ಶುರುವಾಯಿತು. ಒಂದು ಕಡೆ ಅಪ್ಪ, ಇನ್ನೊಂದು ಕಡೆ ಅತ್ತೆ. ಮೂರು ಲಾಳಿಯ ಸೀರೆ. ಅಂಚಿನ ಬಣ್ಣ ಬೇರೆ, ಅದಕ್ಕೆ ಬೇರೆ ಲಾಳಿ, ಅದನ್ನು ಆ ತುದಿಯಿಂದ ಎಸೆಯಲು ಇನ್ನೊಬ್ಬರು ಬೇಕು. ಅಣ್ಣ ತಂಗಿ ಮಾತೇ ಆಡುವುದಿಲ್ಲ. ಅಪ್ಪನ ಭುಜ ಅಲುಗಿದರೆ ಅತ್ತೆಯ ಕೈ ಅಲುಗುತ್ತದೆ.

ಇದನ್ನೆಲ್ಲ ಕನ್ನಡದಲ್ಲಿ ಬರೆಯಲು ಕಾರಣ ಭಾಷಾಭಿಮಾನ ಏನಲ್ಲ. ತಮಿಳು ಸೀಮೆಯ ಸಿರುಮುಗೈಯ ನಮ್ಮ ಬೀದಿಯಲ್ಲಿ ಅರ್ಧ ಮನೆಗಳವರು ಕನ್ನಡ ಮಾತಾಡುತ್ತಾರೆ, ಓದಲು ಬರುವುದು ಅಮ್ಮನಿಗೆ ಮತ್ತು ನನಗೆ. ಅಮ್ಮ ಕೊಳ್ಳೇಗಾಲದಿಂದ ಮದುವೆಯಾಗಿ ಬಂದವಳು, ಅಕ್ಷರ ಕಲಿಸಿದ್ದು ಅವಳೇ. ತನ್ನ ಕನ್ನಡಕ ಎಲ್ಲಿದೆಯೆಂದು ಅವಳಿಗೆ ಯಾವತ್ತೂ ಗೊತ್ತಿರುವುದಿಲ್ಲ. ಇದಕ್ಕಿಂತ ಭದ್ರವಾದ ಬೀಗ ನನಗೆಲ್ಲಿ ಸಿಗಬೇಕು?

ಭಾನುವಾರ ಸೀಸನ್‌ನ ಮೊದಲ ರೌಂಡ್. ಇದರಲ್ಲಿ ಸೋತವರೂ ಮಾರ್ಚ್‌ನ ಫೈನಲ್‌ಗೆ ಬರಬಹುದು. ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಗಲಾಟೆ — ಯಾರೋ ಹಳದಿ ಸ್ಪೋರ್ಟ್ಸ್ ಕಾರು ಎಂಟ್ರಿ ಮಾಡಿದ್ದಾರಂತೆ. ಫಾರಿನ್‌ದು. ಬರಲಿ, ನೋಡೋಣ. ಬಸ್ಸು ಬಂ—

ಜನವರಿ 12, ಭಾನುವಾರ. ಸಂಜೆ 5.30

ಸೋತೆ.

ಮೊದಲಿನಿಂದ ಬರೆಯುತ್ತೇನೆ. ಇಲ್ಲದಿದ್ದರೆ ಪೆನ್ನು ಮುರಿಯುತ್ತದೆ.

ಹಳದಿ ಕಾರು ಬಂದದ್ದು ಟ್ರಕ್ಕಿನ ಮೇಲೆ, ಮೈತುಂಬ ಹೊದ್ದುಕೊಂಡು. ಆರುನೂರು ಹಾರ್ಸ್ ಪವರ್. ನನ್ನದು ಇನ್ನೂರ ಹತ್ತು, ಅದೂ ಮಾವ ಒಳ್ಳೆಯ ಮೂಡಿನಲ್ಲಿ ಟ್ಯೂನ್ ಮಾಡಿದ ದಿನ. ಕಾರಿನ ಪಕ್ಕ ಕೂಲಿಂಗ್ ಗ್ಲಾಸ್ ಹಾಕಿದ ಒಬ್ಬ. ಕಾರ್ತಿಕೇಯನ್ ಅಂತೆ, ತಿರುಪ್ಪೂರಿನ ಬನಿಯನ್ ಕಂಪನಿ ಮನೆಯವನು. ಎಲ್ಲರೂ ಅವನ ಜೊತೆ ಸೆಲ್ಫಿ. ನನಗೆ ಮೈ ಉರಿಯಿತು. ಮಾವನಿಗೆ ಕನ್ನಡದಲ್ಲಿ, ಜೋರಾಗಿಯೇ ಹೇಳಿದೆ — "ಅಲಂಕಾರ ಮಾಡಿದ ಹಸು ಮಾವ ಇದು. ಫೋಟೋಗೆ ಸರಿ. ಕೆಲ್ಸಕ್ಕಾಗಲ್ಲ."

ಹೊರಗೆ ಇಂಥ ಮಾತುಗಳಿಗೆಲ್ಲ ನಾವು ಕನ್ನಡವನ್ನೇ ಬಳಸುವುದು. ಅಂಗಡಿಯವನನ್ನು ಅವನೆದುರೇ ಬಯ್ಯಬಹುದು, ಬಸ್ಸಿನಲ್ಲಿ ಪಕ್ಕದವಳ ಕಿವಿಯ ಕಮ್ಮಲ್ ಬಗ್ಗೆ ಮಾತಾಡಬಹುದು. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಸಿಕ್ಕಿಬಿದ್ದಿಲ್ಲ.

ಪಕ್ಕದಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದು ಒಬ್ಬ ಹೆಂಗಸು ನಿಂತಿದ್ದರು. ಐವತ್ತು ದಾಟಿದ ವಯಸ್ಸು, ಮುಡಿಯಲ್ಲಿ ಮಲ್ಲಿಗೆ. ಮಗನಿಗೆ ಊಟ ತಂದಿದ್ದಾರೆ ಅಂದುಕೊಂಡಿದ್ದೆ. ಅವರು ನನ್ನ ಕಡೆ ತಿರುಗಿ, ಮಗಳನ್ನು ಕರೆಯುವ ಹಾಗೆ, ಕನ್ನಡದಲ್ಲೇ ತಣ್ಣಗೆ — "ಹಸು ಅಲ್ಲ ಅಮ್ಮಿಣಿ. ಎತ್ತು. ಗುಮ್ಮತ್ತೆ."

ಕ್ಯಾರಿಯರನ್ನು ಕೂಲಿಂಗ್ ಗ್ಲಾಸಿನವನ ಕೈಗೆ ಕೊಟ್ಟರು. ಮಲ್ಲಿಗೆಯ ಮೇಲೆಯೇ ಹೆಲ್ಮೆಟ್ ಹಾಕಿಕೊಂಡರು. ಡ್ರೈವರ್ ಅವರೇ! ಹೆಸರು ತೆನ್ಮೊಳಿ. ಮಾವ ನಕ್ಕೂ ನಕ್ಕೂ ಕೆಮ್ಮು ಬಂದು ಕೂತುಬಿಟ್ಟರು.

ಆಮೇಲೆ ನನಗೂ ಅವರಿಗೂ ಬ್ಯಾಟಲ್. ಮುಂದಿನ ಕಾರು ತಿರುವಿನಲ್ಲಿ ಅಡ್ಡಡ್ಡ ಜಾರುತ್ತಾ ಹೋಗಬೇಕು, ಹಿಂದಿನ ಕಾರು ಅದರ ಬಾಗಿಲಿಗೆ ಅಂಟಿದ ಹಾಗೆ ತಾನೂ ಜಾರಬೇಕು. ಆಮೇಲೆ ಅದಲು ಬದಲು. (ಅಮ್ಮನಿಗೆ ಇದನ್ನು ನೂರನೆಯ ಸಲ ವಿವರಿಸಿದೆ. "ಅಂಟ್ಕೊಳ್ಳೋದಾದ್ರೆ ಒಂದೇ ಕಾರಲ್ಲಿ ಹೋಗಬಾರದಾ?" ಅಂದಳು.) ಮಾವನ ಲೆಕ್ಕದಲ್ಲಿ ಹಿಂದಿನವರು ಎದುರಿನ ಬಾಗಿಲಿಗೆ ಒಂದು ಗೇಣು ದೂರದಲ್ಲಿರಬೇಕು. ಗೇಣಿಗಿಂತ ಹೆಚ್ಚಾದರೆ ಅದು ಹಿಂಬಾಲಿಸಿದ್ದು ಅಷ್ಟೇ.

ಅವರು ಮುಂದೆ, ನಾನು ಹಿಂದೆ. ಮೊದಲ ತಿರುವಿನಲ್ಲೇ ಹಳದಿ ಬಾಗಿಲು ಪೂರ್ತಿಯಾಗಿ ನನ್ನೆದುರು. ನುಗ್ಗಬೇಕಾದ ಜಾಗ. ತಲೆಯಲ್ಲಿ ಒಂದೇ ಮಾತು — ತಗುಲಿದರೆ? ನಮ್ಮ ಬೀದಿಯ ಮಗ್ಗಗಳನ್ನೆಲ್ಲ ಮಾರಿದರೂ ಆ ಬಾಗಿಲು ಬರುವುದಿಲ್ಲ. ಆಕ್ಸಿಲರೇಟರ್ ಮೇಲಿನ ಕಾಲು ತಾನಾಗಿ ಮೇಲೆ ಬಂತು. ಮೂರು ಕಾರು ಹಿಡಿಯುವಷ್ಟು ದೂರ ಉಳಿದೆ. ನಾನು ಮುಂದಿದ್ದಾಗ ಅವರು ಗಡಿಗಿಟ್ಟ ಎರಡು ಕೋನ್ ಗುದ್ದಿ ಹಾರಿಸಿದರು, ಆದರೂ ನನ್ನ ಬೆನ್ನು ಬಿಡಲಿಲ್ಲ. ಜಡ್ಜ್‌ಗಳು ಮೂವರೂ ಅವರ ಕಡೆ.

ನಮ್ಮ ಗ್ರೂಪಿನ ದಿವಾಕರ್ ಕೂಡ ಅವರೆದುರು ಹಾಗೆಯೇ ಸೋತ. ಅವನೂ ದೂರ ಉಳಿದ. ಎಲ್ಲರೂ ಉಳಿದರು.

ಜನವರಿ 13, ಸೋಮವಾರ. ಭೋಗಿ

ಹಳೆಯದನ್ನೆಲ್ಲ ಸುಡುವ ದಿನ. ಬೀದಿಯಲ್ಲಿ ಹೊಗೆ. ಎದುರುಮನೆಯ ರಾಮಾತಾಳ್ ಅಜ್ಜಿ ಮುದ್ದಿನಿಂದ, "ನಿನ್ ಕಾರನ್ನೂ ತಕೊಂಬಾ ಕಣ್ಣು, ಜಾಗ ಇದೆ" ಅಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಜಯರಾಮನ್ ಸರ್‌ಗೆ ಪತ್ರ ಬರೆದೆ. ಈ ಸೀಸನ್ ನಡೆಸುವವರೂ ಅವರೇ, ಚೀಫ್ ಜಡ್ಜ್ ಕೂಡ ಅವರೇ. ಇಂಗ್ಲಿಷಿನಲ್ಲಿ ಶುರುಮಾಡಿದೆ, ಸಿಟ್ಟು ಸಾಲಲಿಲ್ಲ, ತಮಿಳಿಗೆ ಬಂದೆ. ಸಾರಾಂಶ ಇಷ್ಟು — ಡ್ರಿಫ್ಟ್ ಅಂದರೆ ಹತ್ತಿರ ಹೋಗುವ ಧೈರ್ಯ. ಎದುರಿನ ಕಾರಿನ ಬೆಲೆ ನೆನೆದು ಕಾಲು ಹಿಂದೆ ಬರುವುದಾದರೆ ಅದು ಸ್ಪರ್ಧೆ ಅಲ್ಲ, ಹರಾಜು. ಆರುನೂರು ಹಾರ್ಸ್ ಪವರ್ ಇದ್ದವರಿಗೆ ಎಲ್ಲ ಸುಲಭ, ಅವರು ಎಳೆದುಕೊಂಡು ಓಡಿದರೆ ನಮ್ಮಂಥವರು ಹಿಂದೆ ಬಂದು ಸೇರುವುದೂ ಕಷ್ಟ. ಇಂಥ ಕಾರುಗಳು ಇರುವ ಜಾಗ ಶೋರೂಮ್. ತೆಗೆಯಿರಿ.

ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದೆ. ಆ ಕಾರು ಫೈನಲ್‌ನಲ್ಲಿ ಇದ್ದರೆ ನಾನು ಇರುವುದಿಲ್ಲ.

ಎರಡು ಸಲ ಓದಿದೆ. ಅಳಿಸಲಿಲ್ಲ. ಅಪ್ಪ ಕೇಳಿ, "ಉಂ" ಅಂದ. ಅಪ್ಪನ "ಉಂ" ನನಗೆ ಆಗುವುದಿಲ್ಲ.

ಜನವರಿ 18, ಶನಿವಾರ

ಪತ್ರವನ್ನು ವಾಟ್ಸಾಪ್ ಗ್ರೂಪಿಗೂ ಹಾಕಿದೆ, ಹನ್ನೊಂದು ಜನ ಸಹಿ ಹಾಕಿದ್ದಾರೆ. ಮೊದಲ ಸಹಿ ದಿವಾಕರ್‌ದು. ಮಾವ ಮಾತ್ರ, "ನಾನ್ ಮೆಕ್ಯಾನಿಕ್ಕು. ನಂಗೆ ಎಲ್ಲ ಗಾಡೀನೂ ಪೇಷಂಟೇ" ಅಂದು ಜಾರಿಕೊಂಡರು.

ಜಯರಾಮನ್ ಸರ್ ಫೋನ್ ಮಾಡಿದರು. ಮಾರ್ಚ್ 2, ಫೈನಲ್ ದಿನ ಬೆಳಿಗ್ಗೆ, ಡ್ರೈವರ್ಸ್ ಮೀಟಿಂಗಿನಲ್ಲಿ ಪತ್ರ ಓದಿ ಅಲ್ಲೇ ತೀರ್ಮಾನ. ಅಂದರೆ ಅವತ್ತು ಹಳದಿ ಕಾರು ಇರುತ್ತದೆ, ಇಲ್ಲವೇ ನಾನು. ಎರಡರಲ್ಲೊಂದು.

ಜನವರಿ 29, ಬುಧವಾರ. ಮಧ್ಯಾಹ್ನ 2

ಬರೆಯಲೇಬೇಕು. ಊಟದ ಡಬ್ಬಿ ಪಕ್ಕಕ್ಕಿಟ್ಟಿದ್ದೇನೆ.

ಹತ್ತು ಗಂಟೆಗೆ ಗ್ಯಾರೇಜಿನ ಮುಂದೆ ಟ್ರಕ್ ನಿಂತಿತು. ಮೇಲೆ ಹಳದಿ ಕಾರು! ಮುಂದಿನ ಸೀಟಿನಿಂದ ತೆನ್ಮೊಳಿ ಮೇಡಂ ಇಳಿದರು. ಕೈಯಲ್ಲಿ ಒಂದು ಕಟ್ಟು ನುಗ್ಗೆಕಾಯಿ. "ನಮ್ ತೋಟದ್ದು" ಅಂತ ನನ್ನ ಕೈಗೆ ತುರುಕಿದರು. ನುಗ್ಗೆಕಾಯಿ ಹಿಡಿದುಕೊಂಡು ಯಾರ ಮೇಲೂ ಸಿಟ್ಟು ಮಾಡಲು ಆಗುವುದಿಲ್ಲ, ನೋಡಿದ್ದೇನೆ.

"ಗಾಡಿ ನನ್ ಮಾತು ಕೇಳಲ್ಲ ಅಣ್ಣ," ಅಂತ ಮಾವನಿಗೆ ಹೇಳಿದರು. "ನಾನ್ ಜಾರ್ಸಿದ್ರೆ ಅದು ನೇರ ಮಾಡತ್ತೆ."

ಮಾವ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿದರು. "ಒಳಗೆ ಒಬ್ಬ ವಾದ್ಯಾರು, ಮೇಷ್ಟ್ರು, ಕೂತವ್ನೆ ತಾಯಿ. ಕಂಪ್ಯೂಟರ್ ವಾದ್ಯಾರು. ನೀವ್ ತಪ್ಪು ಮಾಡಕ್ಕೇ ಬಿಡಲ್ಲ. ಇವನನ್ನ ಮೊದಲು ಮನೆಗೆ ಕಳಿಸ್ಬೇಕು."

ಒಪ್ಪಿಕೊಂಡೇಬಿಟ್ಟರು. ನನ್ನನ್ನು ಒಂದು ಮಾತೂ ಕೇಳಲಿಲ್ಲ! ನಾನು ಸ್ಪ್ಯಾನರ್‌ಗಳನ್ನು ಜೋರಾಗಿ ಜೋಡಿಸತೊಡಗಿದೆ. ಯಾರೂ ಗಮನಿಸಲಿಲ್ಲ.

ವಾದ್ಯಾರನ್ನು ಓಡಿಸಲು ಮೂರು ಗಂಟೆ ಬೇಕಾಯಿತು. ಅಷ್ಟರಲ್ಲಿ ಅವರ ಕಥೆಯೆಲ್ಲ ಬಂತು. ಧಾರಾಪುರಂ ಕಡೆಯ ರೈತರ ಮನೆ, ಮನೆಮಾತು ಕನ್ನಡ. ಹನ್ನೆರಡು ವರ್ಷಕ್ಕೇ ಟ್ರ್ಯಾಕ್ಟರ್ ಓಡಿಸಿದವರು. ಅಮರಾವತಿ ಹೊಳೆಯ ದಡದ ಕೆಸರಿನಲ್ಲಿ ಟ್ರ್ಯಾಕ್ಟರ್ ಅಡ್ಡ ಜಾರಿದಾಗ ಇವರು ಕಿರುಚಿದ್ದು ಭಯದಿಂದ ಅಂತ ಮನೆಯವರು ತಿಳಿದರಂತೆ. ಖುಷಿಗೆ ಕಿರುಚಿದ್ದು. ಆಮೇಲೆ ಮದುವೆ, ತಿರುಪ್ಪೂರು, ಬನಿಯನ್ ಕಂಪನಿ. "ಮೂವತ್ತು ವರ್ಷ ಲಾರಿ ಲೋಡು ಕಳಿಸ್ದೆ ಅಮ್ಮಿಣಿ. ನಂಗೆ ಅಂತ ಒಂದ್ ಗಾಡಿ ಇರ್ಲಿಲ್ಲ. ಹೋದ ವರ್ಷ ಕಂಪನಿ ಮಗನಿಗೆ ಕೊಟ್ಟು, ಇದನ್ನ ನಾನ್ ಇಟ್ಕೊಂಡೆ."

"ಡ್ರಿಫ್ಟ್ ಮಾಡಕ್ಕೆ ಇಷ್ಟು ದೊಡ್ಡ ಕಾರು ಬೇಕಾ ಮೇಡಂ?" ಕೇಳಿಯೇಬಿಟ್ಟೆ.

"ಬೇಡ. ಆದ್ರೆ ನಂಗೆ ಈ ಬಣ್ಣ ಇಷ್ಟ."

ಏನು ಹೇಳಲಿ ಇದಕ್ಕೆ? ಪತ್ರದ ವಿಷಯ ಅವರಿಗೆ ಗೊತ್ತಿಲ್ಲ. ಹೋಗುವಾಗ ಹೇಳಿದರು — ಮೇಡಂ ಬೇಡ, ಅಕ್ಕ ಅನ್ನು.

ಫೆಬ್ರವರಿ 6, ಗುರುವಾರ. ಸಂಜೆ 6

ಅಕ್ಷರಗಳು ಓಡುತ್ತಿವೆ.

ಅನ್ನೂರಿನಾಚೆ ಮುಚ್ಚಿಹೋದ ಸ್ಪಿನ್ನಿಂಗ್ ಮಿಲ್ಲಿನ ಸಿಮೆಂಟ್ ಅಂಗಳ. ವಾಚ್‌ಮ್ಯಾನ್ ಕಂದಸಾಮಿ ಅಣ್ಣನಿಗೆ ಟೀ ಕೊಡಿಸಿದರೆ ಅದು ನಮ್ಮ ಪ್ರಾಕ್ಟೀಸ್ ಟ್ರ್ಯಾಕ್. ಅಕ್ಕ ಹಳದಿ ಕಾರು ತಂದಿದ್ದರು. ಅವರ ಮಗ ಕಾರ್ತಿ ಕೂಡ ಬಂದಿದ್ದ. ಅವನಿಗೆ ವೇಗ ಅಂದರೆ ಆಗುವುದಿಲ್ಲವಂತೆ, ಅಮ್ಮ ತಿರುಗಿಸಿದಾಗಲೆಲ್ಲ ಕೂಲಿಂಗ್ ಗ್ಲಾಸಿನೊಳಗೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ಆ ಗ್ಲಾಸ್ ಅದಕ್ಕೇ!

ವಾದ್ಯಾರು ಹೋದ ಮೇಲೆ ಕಾರು ಪೂರ್ತಿ ಅಕ್ಕನ ಕೈಗೆ ಬಂದಿದೆ. ಅಂದರೆ ಗಿರಗಿರ ಸುತ್ತಿತು. ನಾಲ್ಕು ಸಲ ಸುತ್ತಿ ನಿಂತು, ಹೊಗೆಯೊಳಗಿಂದ ಇಳಿದು ಬಂದು, "ಇನ್ನೊಂದ್ಸಲ" ಅಂದರು. ಶಕ್ತಿ ಜಾಸ್ತಿಯಾದರೆ ಸುಲಭ ಅಂತ ಬರೆದಿದ್ದೆನಲ್ಲ ಪತ್ರದಲ್ಲಿ... ಸುಲಭ ಇಲ್ಲ. ಕಾಲು ಒಂದು ಚೂರು ಹೆಚ್ಚಾದರೆ ಹಿಂದಿನ ಚಕ್ರ ಹಿಡಿತ ಬಿಟ್ಟು ಬರೀ ಹೊಗೆ.

ಆಮೇಲೆ ಮಾವ, "ಗಾಡಿ ಮಾತ್ಕೊಳಿ ನೋಡೋಣ" ಅಂದರು. ಅದಲು ಬದಲು.

ಅಕ್ಕ ನನ್ನ ಕೋಳಿಗೂಡಿನಲ್ಲಿ ಕೂತರು. ದೇವರೇ. ಎರಡನೆಯ ಸುತ್ತಿಗೇ ಅಂಗಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಅಡ್ಡಡ್ಡವೇ ಹೋದರು. ಕಿಟಕಿಯಿಂದ ಕಿರುಚಾಟ. ಟ್ರ್ಯಾಕ್ಟರಿನ ಮೇಲೆ ಕಿರುಚಿದ್ದು ಹೀಗೆಯೇ ಇರಬೇಕು. ನನಗೂ ಕುಣಿಯುವ ಹಾಗಾಯಿತು.

ನಾನು ಹಳದಿ ಕಾರಿನಲ್ಲಿ. ಸೀಟು ಬಿಗಿಯಾಗಿ ಅಪ್ಪಿ ಹಿಡಿಯಿತು. ಕಾರಿಗೆ ಇನ್ಶೂರೆನ್ಸ್ ಇದೆಯೋ ಅಂತ ಕೇಳಿದೆ. "ಚುಮ್ಮಾ ಓಡ್ಸು, ಏನಾಗಲ್ಲ" ಅಂದರು. ಖಾಲಿ ಅಂಗಳ, ತಗುಲಿಸಲು ಏನೂ ಇಲ್ಲ, ಎದುರಾಳಿ ಇಲ್ಲ, ಜಡ್ಜ್ ಇಲ್ಲ. ಆದರೂ ಸೆಕೆಂಡ್ ಗೇರ್ ದಾಟಲಿಲ್ಲ. ಮದುವೆ ಮನೆಯ ಎರವಲು ಒಡವೆ ಹಾಕಿಕೊಂಡವಳ ಹಾಗೆ ಮೈ ಮುದುಡಿ ಒಂದು ಸುತ್ತು ಹಾಕಿ ತಂದು ನಿಲ್ಲಿಸಿದೆ. ಆ ಭಯ ನಾನು ಜೊತೆಗೇ ತಂದದ್ದು.

ಟೀ ಕುಡಿಯುವಾಗ ಅಕ್ಕ ಹೇಳಿದರು. ನಗುತ್ತಲೇ ಹೇಳಿದರು. "ನಿನ್ ಗಾಡಿ ಓಡಿಸ್ದಾಗ ಒಂದು ಗೊತ್ತಾಯ್ತು ಅಮ್ಮಿಣಿ. ಇದಕ್ಕೆ ಯಾರೂ ಬಯಪ್ಪಡಲ್ಲ. ನನ್ ಗಾಡಿ ಕಿಟ್ಟ ಯಾರೂ ಬರಲ್ಲ, ನೋಡಿದ್ದೀಯಲ್ಲ. ಗೆದ್ದೆ ಗೆದ್ದೆ ಅಂತಾರೆ. ಜೋಡಿ ಕುಣಿತಕ್ಕೆ ಕರ್ದು ಒಬ್ಳೇ ಕುಣಿದಂಗೆ ಇತ್ತು. ಕಂಪನೀಲೂ ಹಂಗೇ, ಓನರಮ್ಮ ಬಂದ್ರೆ ಎಲ್ಲರೂ ನಾಲ್ಕಡಿ ಹಿಂದೆ."

ಲೋಟ ಕೆಳಗಿಟ್ಟೆ. ಮೂರು ಕಾರಿನಷ್ಟು ದೂರ ಉಳಿದವಳು ನಾನೇ.

ಫೆಬ್ರವರಿ 7

ಪತ್ರದ ವಿಷಯ ಹೇಳಬೇಕು. ನಾನೇ ಹೇಳಬೇಕು.

ಫೆಬ್ರವರಿ 16, ಭಾನುವಾರ. ಮಧ್ಯಾಹ್ನ 3.15

ಅಕ್ಕ ಮನೆಗೆ ಬಂದಿದ್ದರು. ಮಗ್ಗ ನೋಡಬೇಕಂತೆ. ಅವರ ಕಂಪನಿಯಲ್ಲಿ ಮೆಷಿನ್ ದಿನಕ್ಕೆ ಎಷ್ಟೋ ಸಾವಿರ ಬನಿಯನ್ ಹೆಣೆಯುತ್ತದೆ, ಕೈಮಗ್ಗ ನೋಡಿಯೇ ಇಲ್ಲವಂತೆ.

ಮೊದಲು ಅಮ್ಮನೂ ಅಕ್ಕನೂ ಒಬ್ಬರ ಕನ್ನಡ ಕೇಳಿ ಇನ್ನೊಬ್ಬರು ನಕ್ಕರು. ಅಮ್ಮ, "ಕಿಟ್ಟ ಕಿಟ್ಟ ಅಂತೀರಲ್ಲ, ಹತ್ರ ಅಂದ್ರೆ ನಾಲಿಗೆ ನೋಯುತ್ತಾ?" ಅಂದಳು. ಅಕ್ಕ, "ನೀವು ಮಾತಾಡಿದ್ರೆ ಟಿವಿ ನ್ಯೂಸ್ ಕೇಳ್ದಂಗೆ ಇದೆ" ಅಂದರು. ಮೂರು ಸಲ ಕಾಫಿ ಆಯಿತು.

ಆಮೇಲೆ ಅಕ್ಕ ಮಗ್ಗದ ಮುಂದೆ ಕೂತು ಮುಕ್ಕಾಲು ಗಂಟೆ ಏಳಲಿಲ್ಲ. ಅಪ್ಪ, ಅತ್ತೆ, ನಡುವೆ ಓಡುವ ಲಾಳಿ. "ಮಾತೇ ಇಲ್ದೆ ಹೆಂಗೆ ಗೊತ್ತಾಗತ್ತೆ ನಿಮಗೆ?" ಅಂತ ಅತ್ತೆಯನ್ನು ಕೇಳಿದರು.

"ಅಣ್ಣನ ಕೈ ನೋಡಿದ್ರೆ ಲೇಟಾಗೋಗತ್ತೆ. ಭುಜ ನೋಡ್ಬೇಕು" ಅಂದಳು ಅತ್ತೆ.

ಮುಗಿದ ಸೀರೆಯೊಂದನ್ನು ಅಪ್ಪ ಬಿಡಿಸಿ ತೋರಿಸಿದ. ಗಿಳಿಹಸಿರು, ಅಂಚು ಅರಿಶಿನ. ಅಕ್ಕ ಬೆರಳಿನಿಂದ ಸವರುತ್ತಾ ಹೋಗಿ ಒಂದು ಕಡೆ ನಿಂತರು. ನೆರಿಗೆಯೊಳಗೆ ಸೇರಿಹೋಗುವ ಜಾಗ. ಅಲ್ಲಿ ಒಂದೇ ಒಂದು ಎಳೆ ಕಪ್ಪು ನೂಲು.

"ಅಯ್ಯೋ, ಇಲ್ಲಿ ತಪ್ಪಾಗಿದೆ ಅಣ್ಣ."

"ತಪ್ಪಲ್ಲ ತಾಯಿ. ನಾನೇ ಹಾಕಿದ್ದು." ಅಪ್ಪನಿಗೆ ಈ ಪ್ರಶ್ನೆ ಬಲು ಇಷ್ಟ. "ದೃಷ್ಟಿ ಎಳೆ. ನಮ್ಮ ತಾತನ ಕಾಲದಿಂದ ಹಾಕ್ತೀವಿ. ಒಂದು ಕುಂದೂ ಇಲ್ದಿರೋ ಸೀರೇನ ಹೆಣ್ಮಕ್ಕಳು ಪೆಟ್ಟೀಲಿಟ್ಟು ಬೀಗ ಹಾಕ್ತಾರೆ. ಉಡಕ್ಕೇ ಬಯ. ಒಂದು ಕುಂದು ಇದ್ರೆ ಮನಸ್ಸು ಹಗುರಾಗಿ ಉಡ್ತಾರೆ. ಬೇರೆಯವರು ಮಾಡಿದ್ರೆ ಅದು ಡ್ಯಾಮೇಜು. ನೆಯ್ದವನೇ ಮಾಡಿದ್ರೆ ದೃಷ್ಟಿ ಬೊಟ್ಟು."

ಅಕ್ಕ ಆ ಎಳೆಯನ್ನು ಮತ್ತೊಮ್ಮೆ ಬೆರಳಿನಿಂದ ಸವರಿದರು. ಸೀರೆ ತೆಗೆದುಕೊಂಡರು. ಕಾರಿನ ತನಕ ಜೊತೆಗೆ ಹೋದೆ. ಹೇಳಿಬಿಡಬೇಕು ಅಂತ ಬಾಯಿ ತೆರೆದೆ. "ನುಗ್ಗೆಕಾಯಿ ಸಾಂಬಾರ್ ಚೆನ್ನಾಗಿತ್ತು ಅಕ್ಕ" ಅಂದೆ.

ಹೇಡಿ.

ಫೆಬ್ರವರಿ 24

ನಾಳೆ ಹೇಳುತ್ತೇನೆ.

ಫೆಬ್ರವರಿ 25

ನಾಳೆ.

ಮಾರ್ಚ್ 1, ಶನಿವಾರ

ಹೇಳಲಿಲ್ಲ.

ಮಾರ್ಚ್ 2, ಭಾನುವಾರ. ಬೆಳಿಗ್ಗೆ 9.10

ಕೋಳಿಗೂಡಿನ ಬಾನೆಟ್ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಗುವೂ ಬರುತ್ತಿದೆ, ಕಣ್ಣೂ ಒದ್ದೆ. ಎಲ್ಲವನ್ನೂ ಆದ ಹಾಗೆಯೇ ಬರೆಯಬೇಕು.

ಎಂಟು ಗಂಟೆಗೆ ಮೀಟಿಂಗ್. ಶಾಮಿಯಾನದ ಕೆಳಗೆ ಡ್ರೈವರ್‌ಗಳು, ಮೆಕ್ಯಾನಿಕ್‌ಗಳು. ಅಕ್ಕ ಎರಡನೆಯ ಸಾಲಿನಲ್ಲಿ, ಗಿಳಿಹಸಿರು ಸೀರೆ! ರೇಸ್ ಸೂಟ್ ಕೈಚೀಲದಲ್ಲಿ. ಜಯರಾಮನ್ ಸರ್ ನನ್ನ ಪತ್ರ ಓದಿದರು, ತಮಿಳಿನಲ್ಲಿ, ಒಂದು ಅಕ್ಷರ ಬಿಡದೆ. ಶೋರೂಮ್ ಅನ್ನುವ ಕಡೆ ಯಾರೋ ಚಪ್ಪಾಳೆ ಹೊಡೆದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಬರೆದವರು ಏನಾದರೂ ಹೇಳುವುದಿದೆಯಾ?" ಅಂದರು ಸರ್.

ಎದ್ದು ನಿಂತೆ. ಅಕ್ಕನ ಮುಖ ನೋಡಲು ಆಗಲಿಲ್ಲ. ಹೇಳಿದೆ — ಪತ್ರ ನನ್ನದೇ. ಅದರಲ್ಲಿ ಅರ್ಧ ನಿಜ. ಎದುರಿನ ಕಾರಿನ ಭಯ ನಿಜ. ಆದರೆ ಆ ಕಾರು ಓಡಿಸುವವರಷ್ಟು ಆಸೆಯಿಂದ ಓಡಿಸುವವರನ್ನು ನಾನು ಕಂಡಿಲ್ಲ. ಅವರನ್ನು ತೆಗೆಯುವುದು ಬೇಡ. ತೆಗೆಯಬೇಕಾದದ್ದು ಭಯ. ಅದನ್ನು ತೆಗೆಯುವುದು ಹೇಗೆ ಅಂತ ನನಗೆ ಗೊತ್ತಿಲ್ಲ. ಅಷ್ಟು ಹೇಳಿ ಕೂತೆ.

ದಿವಾಕರ್ ಎದ್ದ. "ಮಾತು ಚೆನ್ನಾಗಿದೆ ಸರಣ್ಯಾ. ಇವತ್ತು ಆ ಬಾಗಿಲಿಗೆ ನಾನು ಗುದ್ದಿದರೆ ದುಡ್ಡು ಕಟ್ಟಕ್ಕೆ ನೀನು ಬರ್ತೀಯಾ?" ಅವನದೂ ತಪ್ಪಲ್ಲ.

ಅಕ್ಕ ಎದ್ದರು. ಕನ್ನಡದಲ್ಲಿ ನನಗೆ ಮಾತ್ರ — "ಆ ಲೆಟ್ರು ಜನವರೀಲೇ ಓದಿದ್ದೆ ಅಮ್ಮಿಣಿ. ಕಾರ್ತಿ ಆ ಗ್ರೂಪಲ್ಲೇ ಅವ್ನೆ. ನೀನಾಗೇ ಹೇಳ್ತೀಯ ಅಂತ ಕಾಯ್ತಾ ಇದ್ದೆ."

ಜನವರಿಯಲ್ಲೇ! ಆ ನುಗ್ಗೆಕಾಯಿ ಎಲ್ಲ ಗೊತ್ತಿದ್ದೇ ತಂದದ್ದು!

ಆಮೇಲೆ ತಮಿಳಿನಲ್ಲಿ ಎಲ್ಲರಿಗೂ, "ಐದು ನಿಮಿಷ ಬನ್ನಿ" ಅಂದು ಹೊರಗೆ ನಡೆದರು. ಎಲ್ಲರೂ ಹಿಂದೆ. ಹಳದಿ ಕಾರು ಬಿಸಿಲಿಗೆ ಹೊಳೆಯುತ್ತಿತ್ತು. ಒಂದು ಗೀರೂ ಇಲ್ಲ. ಅಕ್ಕ ಮಾವನ ಕಡೆ ಕೈ ಚಾಚಿದರು. "ಅಣ್ಣ, ವೀಲ್ ಸ್ಪ್ಯಾನರ್."

"ಯಾವ ಸೈಜು?" ಅಂದರು ಮಾವ. ಬೇರೇನೂ ಕೇಳಲಿಲ್ಲ.

"ದೊಡ್ದು."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಕಾರ್ತಿ ಕೂಲಿಂಗ್ ಗ್ಲಾಸ್ ಹಾಕಿಕೊಂಡ. ಅಕ್ಕ ಎರಡೂ ಕೈಯಲ್ಲಿ ಸ್ಪ್ಯಾನರ್ ಎತ್ತಿ ಡ್ರೈವರ್ ಬಾಗಿಲಿನ ನಡುಮಧ್ಯಕ್ಕೆ ಧಡ್ ಅಂತ ಬಾರಿಸಿದರು.

ಬಾಗಿಲಿನಲ್ಲಿ ಅಂಗೈಯಷ್ಟು ಗುಳಿ.

ಅಕ್ಕ ನನ್ನ ಕೈ ಎಳೆದರು. ನನ್ನ ಉಗುರಿನ ಸಂದಿಯ ಗ್ರೀಸನ್ನು ತಮ್ಮ ಬೆರಳಿಗೆ ತೆಗೆದುಕೊಂಡು, ಆ ಗುಳಿಯ ಮಧ್ಯೆ ದುಂಡಗೆ ಒಂದು ಬೊಟ್ಟಿಟ್ಟರು. ಮಗುವಿನ ಕೆನ್ನೆಗೆ ಇಡುವ ಹಾಗೆ.

"ಮೊದಲ ಏಟು ಯಜಮಾನಿಯದು," ಅಂದರು ಎಲ್ಲರಿಗೂ. "ದೃಷ್ಟಿ ಹೋಯಿತು. ಇನ್ನು ಯಾರು ಬೇಕಾದರೂ ತಗುಲಿಸಿ. ಒಂದು ಮಾತು ಕೇಳುವುದಿಲ್ಲ. ಸರ್, ಬರೆದುಕೊಡುತ್ತೇನೆ."

ಮೊದಲು ಚಪ್ಪಾಳೆ ಹೊಡೆದದ್ದು ದಿವಾಕರ್. ಆಮೇಲೆ ಏನಾಯಿತೋ ನನಗೆ ಸರಿಯಾಗಿ ನೆನಪಿಲ್ಲ, ಯಾರೋ ಯಾರನ್ನೋ ಅಪ್ಪಿಕೊಳ್ಳುತ್ತಿದ್ದರು, ಮಾವ ನನ್ನನ್ನು, ನಾನು ಅಕ್ಕನನ್ನು. ಜಯರಾಮನ್ ಸರ್ ತೀರ್ಮಾನ ಹೇಳಿದರು. ಬೆಲೆ ಎಷ್ಟಾದರೂ ಇರಲಿ, ಟ್ರ್ಯಾಕಿಗೆ ತಂದ ಕಾರು ಏಟು ತಿನ್ನಲು ತಯಾರಿರಬೇಕು, ಯಾರೂ ಯಾರ ಹತ್ತಿರವೂ ನಷ್ಟ ಕೇಳುವ ಹಾಗಿಲ್ಲ. ಮುಂದಿರುವವರು ಹಿಂದಿನವರು ಸೇರಬಹುದಾದ ವೇಗದಲ್ಲೇ ಹೋಗಬೇಕು. ಒಪ್ಪಿದವರು ಸಹಿ ಹಾಕಿ.

ಮೊದಲ ಸಹಿ ತೆನ್ಮೊಳಿ. ಎರಡನೆಯದು ನಾನು. ನನ್ನ ಪತ್ರವನ್ನು ಮಾವ ಮಡಚಿ ಕಿವಿ ಕೆರೆದುಕೊಳ್ಳುತ್ತಿದ್ದಾರೆ.

ಸಂಜೆ 4.40

ಐದೇ ನಿಮಿಷ. ಬೇಗ ಬೇಗ.

ಫೈನಲ್. ನಾನು ಮತ್ತು ಅಕ್ಕ! ಇಬ್ಬರೂ ಎಲ್ಲರನ್ನೂ ದಾಟಿ ಬಂದಿದ್ದೇವೆ. ಇವತ್ತು ಹಳದಿ ಕಾರಿನ ಕಿಟ್ಟ ಹೋಗಲು ಯಾರೂ ಹೆದರಲಿಲ್ಲ. ದಿವಾಕರ್ ಅಂತೂ ಹಿಂದಿನ ಬಂಪರನ್ನೇ ಕಿತ್ತ. ಅಕ್ಕ ಇಳಿದು ಬಂದು ಅವನ ಬೆನ್ನು ತಟ್ಟಿದರು. ಬಂಪರನ್ನು ಹಗ್ಗದಲ್ಲಿ ಕಟ್ಟಿದ್ದಾರೆ.

ಮೊದಲ ಓಟ ನಾನು ಮುಂದೆ. ಕನ್ನಡಿಯ ತುಂಬ ಹಳದಿ. ಎರಡನೆಯದು ಅವರು ಮುಂದೆ, ನಾನು ಹಿಂದೆ. ಅದೇ ತಿರುವು, ಅದೇ ಬಾಗಿಲು ಪೂರ್ತಿಯಾಗಿ ನನ್ನೆದುರು. ನಡುವೆ ಕಪ್ಪು ಬೊಟ್ಟು. ಅದನ್ನೇ ನೋಡಿಕೊಂಡು ಕಾಲು ಒತ್ತಿದೆ. ಕಾಲು ಮೇಲೆ ಬರಲಿಲ್ಲ. ಬರಲೇ ಇಲ್ಲ! ಗೇಣು, ಅರ್ಧ ಗೇಣು... ಟಕ್. ತಗುಲಿತು. ಇಬ್ಬರೂ ಜಾರುತ್ತಲೇ ಇದ್ದೆವು, ಯಾರೂ ಬಿಡಲಿಲ್ಲ. ಹೊಗೆಯಾಚೆ ಅವರು ಕಿರುಚುವುದು ಕೇಳುತ್ತಿತ್ತು. ನಾನೂ ಕಿರುಚುತ್ತಿದ್ದೆನಂತೆ.

ಜಡ್ಜ್‌ಗಳು — ಸಮ ಸಮ. ಇನ್ನೊಮ್ಮೆ ಓಡಬೇಕು.

ಮಾವ ಹಿಂದಿನ ಟೈರ್ ಬದಲಾಯಿಸುತ್ತಿದ್ದಾರೆ. ನನ್ನ ಬಂಪರಿನ ಮೇಲೆ ಹಳದಿ ಬಣ್ಣ ಹತ್ತಿದೆ. ಒರೆಸಬೇಡಿ ಅಂದಿದ್ದೇನೆ. ಅಪ್ಪ, ಅಮ್ಮ, ಅತ್ತೆ ಮೂವರೂ ಮೊದಲ ಸಲ ನೋಡಲು ಬಂದಿದ್ದಾರೆ. ಅಮ್ಮ ಕಿವಿಗೆ ಹತ್ತಿ ಇಟ್ಟುಕೊಂಡಿದ್ದಾಳೆ. ಅಪ್ಪ ಬೇಲಿಯ ಮೇಲಿಂದ ಬಗ್ಗಿ ಹೇಳಿದ, "ನೀನು ಅವರ ಗಾಡಿ ನೋಡ್ಕೊಂಡ್ ಹೋಗ್ತಿದ್ದೀಯ, ಅದಕ್ಕೇ ತಗಲಿದ್ದು. ಕಿಟಕೀಲಿ ಭುಜ ಕಾಣತ್ತಲ್ಲ? ಭುಜ ನೋಡು."

ಇಷ್ಟು ದಿನ "ಉಂ" ಅಂದವನು!

ಅಕ್ಕ ಬಂದರು. ಬಾಗಿಲು ತೋರಿಸಿದರು. ಅವರ ಗುಳಿಯ ಪಕ್ಕದಲ್ಲೇ ನನ್ನದೊಂದು, ಅಷ್ಟೇ ದುಂಡಗೆ. "ಇಷ್ಟು ಕಿಟ್ಟ ಯಾರೂ ಬಂದಿರ್ಲಿಲ್ಲ ಅಮ್ಮಿಣಿ," ಅಂದರು. ಹೆಲ್ಮೆಟ್ಟಿನೊಳಗೆ ಕಣ್ಣು ಒದ್ದೆ, ಬಾಯಿ ನಗು. "ಇನ್ನೂ ಬಾ."

ಬರುತ್ತೇನೆ ಅಂದೆ.

ಟೈರ್ ಆಯಿತು. ಸರ್ ಬಾವುಟ ಕೈಗೆ ತೆಗೆದುಕೊಂಡರು. ಗ್ಲವ್ಸ್ ಒಂದೇ ಕೈಗೆ ಹಾಕಿಕೊಂಡಿದ್ದೇನೆ, ಇನ್ನೊಂದರಲ್ಲಿ ಪೆನ್ನು. "ಲವ್ ಲೆಟರಾ ಅದು, ಎತ್ತಿಡು!" — ಮಾವ. ಅಕ್ಕ ಮುಂದೆ, ನಾನು ಹಿಂದೆ. ಭುಜ ನೋಡಬೇಕು. ಒಂದು ಗೇಣು, ಅದಕ್ಕಿಂತಲೂ ಕಿಟ್ಟ—